ಒಂಬತ್ತು ದಿನ ಉಪವಾಸ, ಹತ್ತನೇ ದಿನ ಹೋಳಿಗೆ

ಸಿಂಧನೂರಿನಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಕೆಲವು ವರ್ಷಗಳ ಹಿಂದೆ, ದಸರಾ ಮುಗಿದ ಎರಡನೇ ದಿನ ಸಂಜೆ, ಒಬ್ಬ ಹುಡುಗ ತಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. "ಅಣ್ಣಾ, ಅವ್ವಗ ಭಾಳ ಸುಸ್ತಾಗೈತಿ. ಶಕ್ತಿ ಬರೋ ಟಾನಿಕ್ ಏನರ ಕೊಡ್ರಿ" ಅಂದ.

ಆ ತಾಯಿ ಅಂಗಡಿ ಕಟ್ಟೆಯ ಮೇಲೆ ಕೂತರು. ನಲವತ್ತು ಕೆಜಿ ಇದ್ದರೆ ಹೆಚ್ಚು. ಪಾದ ಮಾತ್ರ ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮಕ್ಕೆ ಕಚ್ಚಿತ್ತು. ಬೆರಳಿನಿಂದ ಒತ್ತಿ ನೋಡು ಅಂತ ಮಗನಿಗೆ ಹೇಳಿದೆ. ಒತ್ತಿ ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು. ನಾಲ್ಕು ಮೆಟ್ಟಿಲು ಹತ್ತಿದ್ದಕ್ಕೇ ಅವರಿಗೆ ಏದುಸಿರು.

ಮನೆಯಲ್ಲಿ ಘಟ ಕೂಡಿಸಿದ್ದರಂತೆ. ಒಂಬತ್ತು ದಿನವೂ ಬರೀ ಚಹಾ, ನೀರು, ರಾತ್ರಿ ಒಂದು ಬಾಳೆಹಣ್ಣು. ಹತ್ತನೇ ದಿನ ಬನ್ನಿ ಮುಡಿದು ಬಂದು ಹಾಲು ತುಪ್ಪ ಹಾಕಿಕೊಂಡು ಹೋಳಿಗೆ ಉಂಡಿದ್ದಾರೆ. ಅನ್ನ ಸಾರೂ ಆಗಿದೆ. ಅವರು ಹೇಳಿದ ಒಂದು ಮಾತು ನನಗೆ ಈಗಲೂ ನೆನಪಿದೆ: "ಉಪವಾಸದಾಗ ಏನೂ ಆಗಿದ್ದಿಲ್ರೀ. ಉಂಡ ಮ್ಯಾಲೇ ಹಿಂಗಾಗೈತಿ."

ಟಾನಿಕ್ ಕೊಡಲಿಲ್ಲ. ಈಗಲೇ ಆಸ್ಪತ್ರೆಗೆ ಹೋಗು, ರಕ್ತ ಪರೀಕ್ಷೆ ಮಾಡಿಸು, ಒಂಬತ್ತು ದಿನದ ಉಪವಾಸದ ವಿಷಯ ತಪ್ಪದೇ ಹೇಳು ಅಂತ ಕಳಿಸಿದೆ. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಎಂಬ ಲವಣಗಳು ಎರಡೂ ತಳ ಕಂಡಿದ್ದವು. ಐದು ದಿನ ಒಳಗಿಟ್ಟು ಸರಿ ಮಾಡಿ ಕಳಿಸಿದರು.

ಉಪವಾಸದಲ್ಲಿ ಆಗದ್ದು ಉಂಡ ಮೇಲೆ ಹೇಗಾಯಿತು? ಇದನ್ನು ತಿಳಿಯಬೇಕಾದರೆ ಮೊದಲು ಊಟ ಬಿಟ್ಟಾಗ ದೇಹ ಏನು ಮಾಡುತ್ತದೆ ಅಂತ ನೋಡಬೇಕು.

ನಮ್ಮ ಕಡೆಯ ಹಳೇ ಮನೆ ನೆನಪಿಸಿಕೊಳ್ಳಿ. ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿ. ಅದು ದಿನದ ಖರ್ಚಿಗೆ. ಅಂಗಳದಲ್ಲೋ ಓಣಿಯಲ್ಲೋ ನೆಲದೊಳಗೆ ಹಗೇವು. ಅದು ವರ್ಷದ ಜೋಳಕ್ಕೆ. ಮೇಲೆ ಮನೆ ಹೊತ್ತು ನಿಂತ ತೊಲೆ, ಜಂತಿ. ದೇಹದಲ್ಲೂ ಈ ಮೂರೂ ಇವೆ.

ಹಿಟ್ಟಿನ ಡಬ್ಬಿ ಅಂದರೆ ಗ್ಲೈಕೋಜನ್. ಸಕ್ಕರೆಯ ಕಣಗಳನ್ನು ಹೆಣೆದು ಕೂಡಿಟ್ಟ ಗಂಟು. ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಇರುತ್ತದೆ. ಸ್ನಾಯುವಿನದು ಸ್ನಾಯುವಿಗೇ ಮೀಸಲು. ರಕ್ತಕ್ಕೆ ಸಕ್ಕರೆ ಬಿಡೋದು ಲಿವರ್ ಮಾತ್ರ. ಮಿದುಳೊಂದೇ ದಿನಕ್ಕೆ 120 ಗ್ರಾಂ ಹತ್ತಿರ ಸಕ್ಕರೆ ಕೇಳುತ್ತದೆ. ಹಾಗಾಗಿ ಈ ಡಬ್ಬಿ ಒಂದು ದಿನದಲ್ಲಿ ಹೆಚ್ಚುಕಮ್ಮಿ ಖಾಲಿ. ಸೋಮವಾರದ ಒಪ್ಪತ್ತು, ಏಕಾದಶಿ, ಶಿವರಾತ್ರಿ ಇವೆಲ್ಲ ಈ ಡಬ್ಬಿಯ ಲೆಕ್ಕದಲ್ಲೇ ಮುಗಿದು ಹೋಗುತ್ತವೆ. ಆರೋಗ್ಯವಂತರಿಗೆ ಇದರಿಂದ ತೊಂದರೆ ಇಲ್ಲ.

ಡಬ್ಬಿ ಖಾಲಿಯಾದ ಮೇಲೆ ಹಗೇವಿನ ಬಾಯಿ ತೆಗೆಯಬೇಕು. ಹಗೇವು ಅಂದರೆ ಕೊಬ್ಬು. ಆದರೆ ಒಂದು ತೊಡಕಿದೆ. ಮಿದುಳು ಕೊಬ್ಬನ್ನು ನೇರವಾಗಿ ಉರಿಸಲಾರದು, ಅದಕ್ಕೆ ಸಕ್ಕರೆಯೇ ಬೇಕು. ಕೊಬ್ಬಿನಿಂದ ಸಕ್ಕರೆ ಹುಟ್ಟೋದು ಬಹಳ ಕಡಿಮೆ. ಆಗ ದೇಹ ತೊಲೆ ಜಂತಿಗೆ ಕೈ ಹಾಕುತ್ತದೆ. ಸ್ನಾಯುವಿನ ಪ್ರೊಟೀನ್ ಒಡೆದು ಲಿವರ್ ಅದರಿಂದ ಸಕ್ಕರೆ ಮಾಡುತ್ತದೆ. ಮೊದಲ ಕೆಲವು ದಿನ ಹೀಗೆ ದಿನಕ್ಕೆ 75 ಗ್ರಾಂನಷ್ಟು ಪ್ರೊಟೀನ್ ಕರಗುತ್ತದೆ. ಇದೇ ವೇಗದಲ್ಲಿ ಹೋದರೆ ಮನುಷ್ಯ ಮೂರು ವಾರ ಬದುಕುವುದೂ ಕಷ್ಟ.

ದೇಹ ಇಲ್ಲಿ ಒಂದು ದಾರಿ ಹುಡುಕಿಕೊಂಡಿದೆ. ಎರಡು ಮೂರು ದಿನ ಕಳೆದ ಮೇಲೆ ಲಿವರ್ ಕೊಬ್ಬಿನಿಂದ ಕೀಟೋನ್ ಎಂಬ ವಸ್ತುವನ್ನು ಹೆಚ್ಚು ಹೆಚ್ಚಾಗಿ ತಯಾರಿಸಲು ಶುರು ಮಾಡುತ್ತದೆ. ಮಿದುಳು ಇದನ್ನು ಉರಿಸಬಲ್ಲದು. ವಾರಗಳು ಕಳೆದಂತೆ ಮಿದುಳಿಗೆ ಬೇಕಾದ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇದರಿಂದಲೇ ಸಿಗುತ್ತದೆ. ಸ್ನಾಯು ಕರಗುವುದು ದಿನಕ್ಕೆ 20 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಇಳಿಯುತ್ತದೆ ಅಂದೆ, ನಿಲ್ಲುತ್ತದೆ ಅನ್ನಲಿಲ್ಲ. ಕರಗುವ ಸ್ನಾಯುಗಳಲ್ಲಿ ಹೃದಯವೂ ಸೇರಿದೆ, ಉಸಿರೆಳೆಯುವ ಸ್ನಾಯುಗಳೂ ಸೇರಿವೆ.

"ಮೂರನೇ ದಿನದಿಂದ ಹಸಿವೇ ಆಗಲ್ಲ, ಹಗುರ ಅನಿಸುತ್ತೆ" ಅಂತ ವ್ರತ ಮಾಡಿದವರು ಹೇಳುತ್ತಾರೆ. ಅದು ನಿಜ. ಹಸಿವು ಹೊತ್ತುಹೊತ್ತಿಗೆ ಅಲೆಯಂತೆ ಬಂದು ಹೋಗುತ್ತದೆ, ಏರುತ್ತಲೇ ಇರುವುದಿಲ್ಲ. ಕೀಟೋನ್ ಹೆಚ್ಚಾದಾಗ ಇನ್ನೂ ತಣ್ಣಗಾಗುತ್ತದೆ. ಬಾಯಿ ವಾಸನೆ ಬರುವುದು, ನಾಲಿಗೆ ಮೇಲೆ ಬಿಳಿ ಪದರ ಕಟ್ಟುವುದು ಮಾತ್ರ "ಒಳಗಿನ ವಿಷ ಹೊರಗೆ ಬರ್ತಿದೆ" ಅನ್ನೋದಕ್ಕೆ ಗುರುತಲ್ಲ. ಉಸಿರಿನಲ್ಲಿರುವುದು ಅಸಿಟೋನ್, ಕೀಟೋನ್‌ನ ಜೊತೆಯದು. ಅಗಿಯುವ ಕೆಲಸ ಇಲ್ಲದೆ ಜೊಲ್ಲು ಕಡಿಮೆಯಾದಾಗ ನಾಲಿಗೆ ಮೇಲೆ ಪದರ ಕಟ್ಟುತ್ತದೆ. ರಕ್ತ ಶುದ್ಧ ಮಾಡುವ ಕೆಲಸ ಕಿಡ್ನಿ, ಲಿವರ್ ದಿನವೂ ಮಾಡುತ್ತವೆ. ಅದಕ್ಕೆ ಉಪವಾಸ ಕಾಯುವುದಿಲ್ಲ.

ಮೊದಲ ಮೂರು ದಿನದಲ್ಲೇ ಮೂರು ಕೆಜಿ ಇಳಿದೆ ಅಂತ ಖುಷಿಪಡುವವರಿಗೂ ಒಂದು ಮಾತು. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತದೆ. ಅದು ಕರಗಿದರೆ ನೀರೂ ಹೋಗುತ್ತದೆ. ರಕ್ತದ ಸಕ್ಕರೆಯನ್ನು ಕೋಶಗಳಿಗೆ ಸೇರಿಸುವ ಹಾರ್ಮೋನು ಇನ್ಸುಲಿನ್, ಅದು ಇಳಿದಾಗ ಕಿಡ್ನಿ ಉಪ್ಪನ್ನೂ ಹೊರಗೆ ಬಿಡುತ್ತದೆ, ಉಪ್ಪಿನ ಹಿಂದೆ ಮತ್ತೆ ನೀರು. ಇಳಿದ ತೂಕದಲ್ಲಿ ಬಹುಪಾಲು ಇದೇ. ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದಕ್ಕೂ ಇದೇ ಕಾರಣ.

ಹಗೇವು ಎಷ್ಟು ದಿನ ಬರುತ್ತದೆ? ಹೊರಗಿನಿಂದ ತೆಳ್ಳಗೆ ಕಾಣುವ ಗಂಡಸಿನ ಮೈಯಲ್ಲೂ ಹತ್ತು ಹನ್ನೆರಡು ಕೆಜಿ ಕೊಬ್ಬಿರುತ್ತದೆ. ನೀರು ಕುಡಿಯುತ್ತಾ ಬಿದ್ದುಕೊಂಡಿದ್ದರೆ ಅದು ಸುಮಾರು ಎರಡು ತಿಂಗಳ ಬಾಳು. ಲಾಹೋರ್ ಜೈಲಿನಲ್ಲಿ ಕ್ರಾಂತಿಕಾರಿ ಜತೀಂದ್ರನಾಥ ದಾಸ್ 1929ರಲ್ಲಿ ತೀರಿಕೊಂಡಿದ್ದು ಉಪವಾಸದ 63ನೇ ದಿನ. 1981ರಲ್ಲಿ ಉತ್ತರ ಐರ್ಲೆಂಡಿನ ಜೈಲಿನಲ್ಲಿ ಹತ್ತು ಜನ ಸತ್ತರು, 46ರಿಂದ 73 ದಿನಗಳ ನಡುವೆ. ತೆಲುಗರಿಗೆ ಬೇರೆ ಆಂಧ್ರ ರಾಜ್ಯ ಬೇಕು ಅಂತ ಪೊಟ್ಟಿ ಶ್ರೀರಾಮುಲು ಮದ್ರಾಸಿನಲ್ಲಿ 1952ರ ಅಕ್ಟೋಬರ್ 19ಕ್ಕೆ ಉಪವಾಸ ಕೂತು ಡಿಸೆಂಬರ್ 15ರ ರಾತ್ರಿ ಪ್ರಾಣ ಬಿಟ್ಟರು. ಆ ಸಾವಿನ ಬಿಸಿ ಬಳ್ಳಾರಿಯವರೆಗೆ ತಟ್ಟಿತು. ಮರುವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆಯಿತು. ಅದೇ ದಿನ ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ದೇಶ ಬೇರೆ, ಕಾರಣ ಬೇರೆ. ಮೈಯ ಲೆಕ್ಕ ಮಾತ್ರ ಹೆಚ್ಚುಕಮ್ಮಿ ಒಂದೇ.

ಕೊಬ್ಬು ಜಾಸ್ತಿ ಇದ್ದವರ ಲೆಕ್ಕ ಬೇರೆ. ಸ್ಕಾಟ್ಲೆಂಡಿನ ಆ್ಯಂಗಸ್ ಬಾರ್ಬಿಯೇರಿ 1965ರಲ್ಲಿ 207 ಕೆಜಿ ಇದ್ದ. 382 ದಿನ ಊಟ ಬಿಟ್ಟು 82 ಕೆಜಿಗೆ ಇಳಿದ. ಈ ಕಥೆ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಡಂಡೀ ಊರಿನ ವೈದ್ಯರು ಅವನ ರಕ್ತ, ಮೂತ್ರ ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದರು, ವಿಟಮಿನ್, ಪೊಟ್ಯಾಸಿಯಂ ಕೊಡುತ್ತಿದ್ದರು ಅನ್ನೋದು ಅದರಲ್ಲಿ ಬರುವುದಿಲ್ಲ. ಆ ಕಾಲದಲ್ಲಿ ಹೀಗೆ ವೈದ್ಯರ ಕಣ್ಣೆದುರೇ ಉಪವಾಸ ಮಾಡಿದ ಕೆಲವರು ಸತ್ತೂ ಇದ್ದಾರೆ. ಅದನ್ನು ನೋಡಿಯೇ ಈ ಚಿಕಿತ್ಸೆ ಕೈಬಿಟ್ಟರು.

ಇದೆಲ್ಲ ನೀರು ಕುಡಿದವರ ಮಾತು. ನೀರೂ ಬಿಟ್ಟರೆ ಲೆಕ್ಕ ತಿಂಗಳಿಂದ ದಿನಕ್ಕೆ ಇಳಿಯುತ್ತದೆ. ಅದರಲ್ಲೂ ನಮ್ಮ ರಾಯಚೂರು, ಬಳ್ಳಾರಿ ಬಿಸಿಲಲ್ಲಿ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟಿದಾಗ ಹೊಲದಲ್ಲೋ ಗಣಿಯಲ್ಲೋ ದುಡಿಯುವವರು ಹನಿ ನೀರಿಲ್ಲದೆ ದಿನ ಕಳೆದರೆ ಕಿಡ್ನಿಗೆ ನೇರ ಪೆಟ್ಟು. ಒಂದು ಸಲ ಕಲ್ಲು ಆದವರಂತೂ ನಿರ್ಜಲ ಉಪವಾಸದ ಸುದ್ದಿಗೇ ಹೋಗಬಾರದು.

ಪೂರಾ ಊಟ ಬಿಡುವುದು ಕಣ್ಣಿಗೆ ಕಾಣುತ್ತದೆ. ಅರೆಹೊಟ್ಟೆ ಕಾಣುವುದಿಲ್ಲ. 1944-45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆ್ಯನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಟ್ಟಿಮುಟ್ಟು ಯುವಕರ ಮೇಲೆ ಇದನ್ನೇ ಪರೀಕ್ಷೆ ಮಾಡಿ ನೋಡಿದ. ಯುದ್ಧಕ್ಕೆ ಹೋಗಲ್ಲ ಅಂದು ತಾವಾಗೇ ಈ ಕೆಲಸಕ್ಕೆ ಮುಂದೆ ಬಂದವರು ಅವರು. ಮೊದಲು ದಿನಕ್ಕೆ ಸುಮಾರು 3,200 ಕ್ಯಾಲೊರಿ ಉಣ್ಣುತ್ತಿದ್ದವರಿಗೆ 24 ವಾರ ಅದರ ಅರ್ಧ ಮಾತ್ರ ಕೊಟ್ಟರು. ಬ್ರೆಡ್, ಆಲೂಗಡ್ಡೆ, ಎಲೆಕೋಸು ಇಂಥವೇ. ತೂಕ ಕಾಲು ಭಾಗ ಇಳಿಯಿತು. ನಾಡಿ ನಿಧಾನವಾಯಿತು, ಕಾಲು ಊದಿದವು, ಬೇಸಿಗೆಯಲ್ಲೂ ಚಳಿ ಅಂದರು. ಮಾತಾಡಿದರೆ ಊಟದ ಮಾತೇ, ಓದಿದರೆ ಅಡುಗೆ ಪುಸ್ತಕವೇ. ನಗುವವರು ಸಿಡುಕರಾದರು. ಕೊನೆಗೆ ಚೇತರಿಸಿಕೊಳ್ಳುವ ಹೊತ್ತಿನಲ್ಲಿ ಕೆಲವರಿಗೆ ಹೆಚ್ಚುವರಿ ವಿಟಮಿನ್ ಕೊಟ್ಟು ನೋಡಿದರೆ ಅದರಿಂದ ಅಂಥ ಲಾಭ ಆಗಲಿಲ್ಲ. ಹೊಟ್ಟೆ ತುಂಬ ಊಟವೇ ಬೇಕಾಯಿತು.

ಇದನ್ನು ಓದುವಾಗಲೆಲ್ಲ ನನಗೆ ಧಾತು ಸಂವತ್ಸರದ ಬರ ನೆನಪಾಗುತ್ತದೆ. 1876ರಿಂದ 78. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಬರದ ಕಾಮಗಾರಿಗೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕು ಅಂತ ರಿಚರ್ಡ್ ಟೆಂಪಲ್ ಎಂಬ ಇಂಗ್ಲಿಷ್ ಅಧಿಕಾರಿ ಗೊತ್ತು ಮಾಡಿದ, ಮೇಲೆ ಒಂದು ಆಣೆ. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಜೋಳದ ಲೆಕ್ಕದಲ್ಲಿ 1,500 ಚಿಲ್ಲರೆ ಕ್ಯಾಲೊರಿ. ಮಿನೆಸೋಟಾದ ಯುವಕರಿಗೆ ಕೊಟ್ಟಷ್ಟೇ! ಅವರು ವಾರಕ್ಕೆ ಮೂವತ್ತೈದು ಕಿಲೋಮೀಟರ್ ನಡೆಯುತ್ತಿದ್ದರು. ನಮ್ಮವರು ಬಿಸಿಲಲ್ಲಿ ಕಲ್ಲು ಒಡೆದು ಮಣ್ಣು ಹೊರುತ್ತಿದ್ದರು. ಪ್ರಾಂತ್ಯದ ಆರೋಗ್ಯ ಕಮಿಷನರ್ ಆಗಿದ್ದ ಕಾರ್ನಿಶ್ ಇದು ಸಾಲದು, ಜನ ಸವೆದು ಹೋಗುತ್ತಾರೆ ಅಂತ ಆಗಲೇ ಹೇಳಿದ್ದ. ಮೈತುಂಬಾ ದುಡಿಯುವವನಿಗೆ ಅರ್ಧ ಊಟ ಅಂದರೆ ಉಳಿದರ್ಧ ಅವನ ತೊಲೆ ಜಂತಿಯಿಂದಲೇ ಹೋಗಬೇಕಲ್ಲ.

ಇವತ್ತು ಆ ಬರ ಇಲ್ಲ. ಅರೆಹೊಟ್ಟೆ ಇನ್ನೂ ಇದೆ, ಹೆಚ್ಚಾಗಿ ಹೆಣ್ಣುಮಕ್ಕಳ ಪಾಲಿಗೆ. ಸೋಮವಾರ ಶಿವನಿಗೆ, ಶುಕ್ರವಾರ ದೇವಿಗೆ, ಶನಿವಾರ ಹನುಮಪ್ಪಗೆ, ನಡುವೆ ಏಕಾದಶಿ, ಸಂಕಷ್ಟಿ. ಎಣಿಸಿದರೆ ತಿಂಗಳಿಗೆ ಹತ್ತು ಹನ್ನೆರಡು ದಿನ. ಉಳಿದ ದಿನ ಎಲ್ಲರೂ ಉಂಡ ಮೇಲೆ ಉಳಿದದ್ದು. ಕಾಳು ಪಲ್ಯ ಮುಗಿದಿರುತ್ತದೆ, ರೊಟ್ಟಿ, ಕೆಂಪು ಖಾರ ಇರುತ್ತದೆ. ಉಂಡ ಕೂಡಲೇ ಚಹಾ, ಅದು ಊಟದಲ್ಲಿದ್ದ ಅಲ್ಪಸ್ವಲ್ಪ ಕಬ್ಬಿಣಾಂಶವನ್ನೂ ಮೈಗೆ ಹತ್ತಗೊಡುವುದಿಲ್ಲ. ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತ ಕಡಿಮೆ ಅಂತ 2019ರ ಸುಮಾರಿಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇಂಥವರ ಹಗೇವೇ ಅರ್ಧ ಖಾಲಿ. ಅದರ ಮೇಲೆ ಒಂಬತ್ತು ದಿನದ ವ್ರತ.

ಒಂದೇ ಬಗೆಯ ಊಟಕ್ಕೆ ಅಂಟಿಕೊಳ್ಳುವವರಿಗೆ ಕೊರತೆ ಮೆಲ್ಲಗೆ ಬರುತ್ತದೆ. ಸಾಬೂದಾನಿ ಹೆಚ್ಚುಕಮ್ಮಿ ಬರೀ ಪಿಷ್ಟ, ಅದರಲ್ಲಿ ಪ್ರೊಟೀನ್ ಇಲ್ಲವೇ ಇಲ್ಲ ಅನ್ನಬಹುದು. ವಿಟಮಿನ್ ಬಿ12 ಲಿವರ್‌ನಲ್ಲಿ ವರ್ಷಗಟ್ಟಲೆ ಕೂಡಿಟ್ಟಿರುತ್ತದೆ, ಹಾಗಾಗಿ ಹಾಲು ಮೊಸರನ್ನೂ ಬಿಟ್ಟವರಿಗೆ ಕೈಕಾಲು ಜೋಮು ಹಿಡಿಯುವುದು ವರ್ಷಗಳ ಮೇಲೆ. ವಿಟಮಿನ್ ಸಿ ಕೆಲವು ತಿಂಗಳಿಗೆ ಮುಗಿಯುತ್ತದೆ. ಎಲ್ಲಕ್ಕಿಂತ ಬೇಗ ಖಾಲಿಯಾಗುವುದು ಥಯಾಮಿನ್, ಅಂದರೆ ಬಿ1. ಎರಡು ಮೂರು ವಾರ ಸಾಕು. ತುಂಗಭದ್ರಾ ಕಾಲುವೆ ಬಂದ ಮೇಲೆ ಗಂಗಾವತಿ, ಸಿಂಧನೂರು ಕಡೆ ತಟ್ಟೆಯಲ್ಲಿ ಜೋಳ ಸರಿದು ಬಿಳಿ ಸೋನಾಮಸೂರಿ ಬಂತು. ಪಾಲಿಶ್ ಮಾಡುವಾಗ ಅಕ್ಕಿಯ ತೌಡಿನ ಜೊತೆ ಥಯಾಮಿನ್ನೂ ಹೋಗುತ್ತದೆ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೂಕ ಇಳಿಸಲೆಂದು ದಿನಕ್ಕೆ ಎಂಟು ತಾಸಿನೊಳಗೆ ಮಾತ್ರ ಉಣ್ಣುವ ಪದ್ಧತಿ ಬಗ್ಗೆಯೂ ಹುಡುಗರು ಕೇಳುತ್ತಾರೆ. ಚೀನಾದಲ್ಲಿ 139 ದಪ್ಪ ಮೈಯವರನ್ನು ಒಂದು ವರ್ಷ ನೋಡಿದರು, 2022ರಲ್ಲಿ ಅದರ ವರದಿ ಬಂತು. ಕ್ಯಾಲೊರಿ ಕಡಿಮೆ ಮಾಡಿದವರ ತೂಕ ಇಳಿಯಿತು. ಜೊತೆಗೆ ಹೊತ್ತಿನ ಕಟ್ಟುಪಾಡು ಇಟ್ಟುಕೊಂಡವರಿಗೆ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಆಗಲಿಲ್ಲ. ಯಾರಿಗೆ ಯಾವುದು ಒಗ್ಗುತ್ತದೋ ಅದು ಸರಿ, ಅಷ್ಟೇ.

ಈಗ ಆ ತಾಯಿಯ ಹೋಳಿಗೆಗೆ ಬರೋಣ.

ಉಪವಾಸದ ದಿನಗಳಲ್ಲಿ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಮೇಲ್ನೋಟಕ್ಕೆ ಸರಿಯಾಗೇ ಕಾಣುತ್ತವೆ. ಜೀವಕೋಶಗಳ ಒಳಗಿನ ದಾಸ್ತಾನು ಮಾತ್ರ ದಿನದಿನಕ್ಕೂ ಸೋರಿ ಹೋಗುತ್ತಿರುತ್ತದೆ. ಕೋಶಗಳು ಕೆಲಸ ಕಡಿಮೆ ಮಾಡಿರುತ್ತವೆ, ಹಾಗಾಗಿ ಕೊರತೆ ಗೊತ್ತಾಗುವುದಿಲ್ಲ. ಹತ್ತನೇ ದಿನ ಒಮ್ಮೆಗೇ ಬೆಲ್ಲ, ಮೈದಾ, ಅನ್ನ ಒಳಗೆ ಬಿತ್ತು. ಸಕ್ಕರೆ ಏರಿತು. ಇನ್ಸುಲಿನ್ ಎದ್ದಿತು. ಮಲಗಿದ್ದ ಕೋಶಗಳೆಲ್ಲ ಒಟ್ಟಿಗೇ ಎಚ್ಚರಾಗಿ ಸಕ್ಕರೆ ಎಳೆದುಕೊಳ್ಳತೊಡಗಿದವು. ಸಕ್ಕರೆ ಉರಿಸಲು ಫಾಸ್ಫೇಟ್ ಬೇಕು, ಅದನ್ನೂ ರಕ್ತದಿಂದ ಎಳೆದುಕೊಂಡವು. ಪೊಟ್ಯಾಸಿಯಂ, ಮೆಗ್ನೀಸಿಯಂ ಅದರ ಹಿಂದೆಯೇ ಹೋದವು. ಒಂದೆರಡು ದಿನದಲ್ಲಿ ರಕ್ತದಲ್ಲಿ ಇವು ತಳ ಮುಟ್ಟಿದವು.

ಫಾಸ್ಫೇಟ್ ಇಲ್ಲದೆ ಸ್ನಾಯು ನಡೆಯುವುದಿಲ್ಲ. ಉಸಿರಾಟ ಸೋಲುತ್ತದೆ. ಪೊಟ್ಯಾಸಿಯಂ ಇಳಿದರೆ ಹೃದಯ ತಾಳ ತಪ್ಪುತ್ತದೆ. ಸಕ್ಕರೆ ಉರಿಸಲು ಥಯಾಮಿನ್ನೂ ಬೇಕು. ಇದ್ದ ಚೂರುಪಾರು ಮುಗಿದರೆ ಮಿದುಳಿಗೆ ಪೆಟ್ಟು ಬಿದ್ದು ಕಣ್ಣು ಎರಡೆರಡು ಕಾಣುವುದು, ತೂರಾಡುವುದು, ಗೊಂದಲ. ಇನ್ಸುಲಿನ್ ಕಿಡ್ನಿಗೆ ಉಪ್ಪು ಹಿಡಿದಿಡು ಅನ್ನುತ್ತದೆ. ಉಪ್ಪಿನ ಜೊತೆ ನೀರು ನಿಂತು ಕಾಲು ಊದುತ್ತವೆ. ಮಗನ ಬೆರಳು ಒತ್ತಿದಲ್ಲಿ ಬಿದ್ದ ಕುಳಿ ಅದೇ. ಎರಡನೇ ಮಹಾಯುದ್ಧ ಮುಗಿದಾಗ ಜಪಾನಿನ ಸೆರೆಯಿಂದ ಬಿಡುಗಡೆಯಾದ ಕೈದಿಗಳು ತಿಂಗಳುಗಟ್ಟಲೆ ಹಸಿವನ್ನು ತಡೆದುಕೊಂಡಿದ್ದರು. ಚೆನ್ನಾಗಿ ಊಟ ಹಾಕಿದ ಮೇಲೆ ಅವರಲ್ಲಿ ಕೆಲವರು ಕುಸಿದರು, ಕೆಲವರು ಸತ್ತರು. ವೈದ್ಯರಿಗೆ ಇದು ಸರಿಯಾಗಿ ಕಣ್ಣಿಗೆ ಬಿದ್ದಿದ್ದು ಆಗಲೇ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಮತ್ತೆ ಉಣಿಸಿದಾಗ ಬರುವ ಕಾಯಿಲೆ.

ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ ಇದಕ್ಕೆ ಒಂದು ಅಳತೆ ಹಾಕಿದೆ. ಐದು ದಿನಕ್ಕಿಂತ ಹೆಚ್ಚು ಏನೂ ತಿನ್ನದವರಿಗೆ, ಇಲ್ಲವೇ ತೀರಾ ಕಡಿಮೆ ತಿಂದವರಿಗೆ, ಮೊದಲ ಎರಡು ದಿನ ಬೇಕಾದುದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೊಡಬಾರದು. ಹತ್ತು ದಿನ ದಾಟಿದ್ದರೆ, ಅಥವಾ ಮೊದಲೇ ತೆಳ್ಳಗಿದ್ದು ಐದು ದಿನ ದಾಟಿದ್ದರೆ, ಮೈ ತೂಕದ ಕೆಜಿಗೆ 10 ಕ್ಯಾಲೊರಿಯಿಂದ ಶುರು ಮಾಡಿ ನಾಲ್ಕರಿಂದ ಏಳು ದಿನದಲ್ಲಿ ಮೆಲ್ಲಗೆ ಏರಿಸಬೇಕು, ಉಣಿಸುವ ಮೊದಲೇ ಥಯಾಮಿನ್ ಕೊಡಬೇಕು, ರಕ್ತ ನೋಡುತ್ತಿರಬೇಕು. ಆ ತಾಯಿಯ ಲೆಕ್ಕ ಹಾಕಿ. ನಲವತ್ತು ಕೆಜಿಗೆ 400 ಕ್ಯಾಲೊರಿ. ಇಡೀ ದಿನಕ್ಕೆ ಎರಡು ಜೋಳದ ರೊಟ್ಟಿಯಷ್ಟು! ಅವರು ಒಂದೇ ಹೊತ್ತಿಗೆ ಅದರ ಎಷ್ಟೋ ಪಟ್ಟು ಉಂಡಿದ್ದರು.

ಐದು ದಿನ ದಾಟಿ ಏನೂ ತಿನ್ನದವರು ಇಲ್ಲವೇ ತೀರಾ ಕಡಿಮೆ ತಿಂದವರು, ತೀರಾ ತೆಳ್ಳಗಿರುವವರು, ಕುಡಿತದ ಚಟ ಇದ್ದವರು ವೈದ್ಯರನ್ನು ಕಂಡೇ ಊಟ ಶುರು ಮಾಡಬೇಕು. ಉಳಿದವರಿಗೆ ನಮ್ಮ ಅಜ್ಜಿಯರ ಕ್ರಮವೇ ಒಳ್ಳೆಯದು. ಲಂಘನ ಮಾಡಿದವರಿಗೆ ಮೊದಲು ತಿಳಿ ಗಂಜಿ, ಆಮೇಲೆ ಉಪ್ಪು ಹಾಕಿದ ಮಜ್ಜಿಗೆ ಬೆರೆಸಿದ ಅಂಬಲಿ, ನಂತರ ನುಚ್ಚು, ಹೆಸರುಬೇಳೆ ಕಟ್ಟು. ಸಿಹಿ ಕೊನೆಗೆ. ಹಾಲು, ಕಾಳು ಇವುಗಳಲ್ಲಿ ಫಾಸ್ಫೇಟೂ ಇದೆ.

ಇನ್ನು ಗುಳಿಗೆಯ ವಿಷಯ. ಇದೇ ನನ್ನ ದಿನನಿತ್ಯದ ಕೆಲಸ. "ಉಪವಾಸ ಅಲ್ರೀ, ಅದಕ್ಕ ಶುಗರ್ ಗುಳಿಗಿ ಬಿಟ್ಟೀನಿ" ಅನ್ನುವವರೂ ಇದ್ದಾರೆ, ಉಣ್ಣದೇ ಗುಳಿಗೆ ಮಾತ್ರ ನುಂಗುವವರೂ ಇದ್ದಾರೆ. ಎರಡೂ ಅಪಾಯ. ಗ್ಲಿಮೆಪಿರೈಡ್ ಇರುವ ಗುಳಿಗೆ, ಇನ್ಸುಲಿನ್ ಇವು ಊಟ ಇಲ್ಲದಾಗಲೂ ಸಕ್ಕರೆ ಇಳಿಸುತ್ತವೆ. ಬೆವರು, ನಡುಕ, ಆಮೇಲೆ ಪ್ರಜ್ಞೆ ತಪ್ಪುವುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತಗೊಳ್ಳುವವರು ಉದ್ದ ಉಪವಾಸ ಮಾಡಿದರೆ ರಕ್ತ ಹುಳಿಯಾಗುವ ಅಪಾಯ ಇದೆ. ಇದರಲ್ಲಿ ಸಕ್ಕರೆ ಸರಿಯಾಗೇ ತೋರಿಸಬಹುದು, ಅದಕ್ಕೇ ಮೋಸ ಹೋಗುತ್ತೇವೆ. ವಾಂತಿ, ಹೊಟ್ಟೆನೋವು, ಜೋರು ಉಸಿರು ಬಂದರೆ ಕೂಡಲೇ ಆಸ್ಪತ್ರೆ. ರಂಜಾನ್ ಬರುವ ಒಂದೆರಡು ತಿಂಗಳು ಮೊದಲೇ ವೈದ್ಯರ ಹತ್ತಿರ ಹೋದರೆ ಗುಳಿಗೆಯ ಹೊತ್ತು, ಅಳತೆ ಬದಲಿಸಿ ಕೊಡುತ್ತಾರೆ. ಬೆರಳು ಚುಚ್ಚಿ ಶುಗರ್ ನೋಡಿದರೆ ರೋಜಾ ಮುರಿಯುವುದಿಲ್ಲ ಅಂತ ಮೌಲ್ವಿಗಳೇ ಹೇಳುತ್ತಾರೆ. 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ಆ ಹೊತ್ತಿಗೆ ರೋಜಾ ಬಿಡಲೇಬೇಕು. ಬಸುರಿಯರು, ಹಾಲುಣಿಸುವವರು, ಬೆಳೆಯುವ ಮಕ್ಕಳು, ಕಿಡ್ನಿ ಸೋತವರು ಇವರಿಗೆ ಉದ್ದ ಉಪವಾಸ ಬೇಡವೇ ಬೇಡ.

ಆ ತಾಯಿ ಈಗಲೂ ಘಟ ಕೂಡಿಸುತ್ತಾರೆ. ಮಹಾಲಯ ಅಮಾವಾಸ್ಯೆಗೆ ಒಂದು ವಾರ ಇರುವಾಗ ಅಂಗಡಿಗೆ ಬಂದು ಹೋಗುತ್ತಾರೆ. ಒಂಬತ್ತು ದಿನ ಹಗಲು ಹಾಲು ಹಣ್ಣು, ರಾತ್ರಿ ದೇವಿ ಪುರಾಣ ಕೇಳಿ ಬಂದ ಮೇಲೆ ಶೇಂಗಾ ಹಾಕಿದ ಸಾಬೂದಾನಿ, ಒಂದು ಚರಿಗೆ ಮಜ್ಜಿಗೆ. ದಸರಾ ದಿನ ನುಚ್ಚು, ಬೇಳೆ ಕಟ್ಟು. ಹೋದ ಸಲ ನಾನೇ ಕೇಳಿದೆ, ಹಬ್ಬದ ಹೋಳಿಗೆ ಬಿಟ್ಟೇಬಿಟ್ಟಿರಾ ಯವ್ವಾ ಅಂತ. "ಯಾಕ ಬಿಡ್ಲಿ? ಐದ್ ದಿನಕ್ಕ ಶೀಗಿ ಹುಣ್ಣಿಮಿ ಬರತೈತಲ್ಲ, ಅವತ್ತ ಮಾಡ್ತೀನಿ" ಅಂದರು.